ಯಾವ ಡಬ್ಬಿಯ ಮದ್ದು?

ಮುತ್ತಮ್ಮ ಪಿಸ್ತೂಲು ಸ್ಪರ್ಧೆಗಳಲ್ಲಿ ರಾಜ್ಯಕ್ಕೇ ಹೆಸರಾದವರು. ತಮ್ಮ ರಿವಾಲ್ವರಿನ ತೋಟಾಗಳಿಗೆ ತಾವೇ ಮೇಜಿನ ಮುಂದೆ ಕೂತು ಮದ್ದು ತುಂಬುತ್ತಿದ್ದರು. ಮಗಳು ನೀಲಮ್ಮನನ್ನು ಕೇಳಿಕೊಂಡು ಬರುವ ವರಗಳನ್ನೂ ಅದೇ ಮೇಜಿನ ಮುಂದೆ ಕೂರಿಸುತ್ತಿದ್ದರು.

ಈ ಸಲ ಬಂದವನು ಹಾವೇರಿ ಕಡೆಯ ದನದ ಡಾಕ್ಟರು ಗುರುಪಾದಪ್ಪ. ನೀಲಮ್ಮ ತಾನೇ ಮೆಚ್ಚಿ ಕರೆತಂದವನು. ಬಂದೂಕನ್ನು ಮುಟ್ಟಿದವನೇ ಅಲ್ಲ. ಗೇಟಿನಲ್ಲೇ ಅವಳು ಅವನ ಕಿವಿಯಲ್ಲಿ ಉಸುರಿದ್ದಳು: "ಬೇಗ ಉರಿಯೋ ಮದ್ದು ಅಂತ ಹೇಳಿಬಿಡಿ. ಅಮ್ಮನಿಗೆ ಅದೇ ಇಷ್ಟ."

ಮುತ್ತಮ್ಮ ಅವನ ಮುಂದೆ ಎರಡು ಸ್ಟೀಲ್ ಡಬ್ಬಿಗಳನ್ನಿಟ್ಟರು. "ನನ್ನ ರಿವಾಲ್ವರಿಗೆ ಯಾವ ಮದ್ದು ಹಾಕ್ತೀರಿ?"

"ಬೇಗ ಉರಿಯೂದು ಹಾಕಬೇಕ್ರಿ."

"ಸರಿ. ಇವೆರಡರಲ್ಲಿ ಬೇಗ ಉರಿಯೋದು ಯಾವುದು?"

ಬಾಗಿಲಲ್ಲಿ ನಿಂತಿದ್ದ ನೀಲಮ್ಮ ತುಟಿ ಕಚ್ಚಿಕೊಂಡಳು. ಇದನ್ನು ಅವಳು ಹೇಳಿಕೊಟ್ಟಿರಲಿಲ್ಲ. ಗುರುಪಾದಪ್ಪ ಡಬ್ಬಿಗಳನ್ನು ಸುತ್ತಲೂ ತಿರುಗಿಸಿ ನೋಡಿದ, ಮುಚ್ಚಳ ತೆಗೆಯದೆ ಹಾಗೇ ಹಿಂದಕ್ಕೆ ಸರಿಸಿದ.

"ಯಾವುದೂ ಹಾಕೂದಿಲ್ರಿ. ಚೀಟಿ ಇಲ್ಲದ ಡಬ್ಬಿಯಿಂದ ನಾ ಎಮ್ಮಿಗೂ ಔಷಧ ಕೊಡೂದಿಲ್ಲ. ನೀವು ಹೆಣ್ಣು ಕೊಡಲಿಲ್ಲಂದ್ರೂ ಅಷ್ಟ."

"ಹೋದ ತಿಂಗಳು ಹೆಣ್ಣು ಕೇಳ್ಕೊಂಡು ಬಂದಿದ್ದ ಕ್ಯಾಪ್ಟನ್ ನೋಡಿದ ಕೂಡಲೇ ಈ ಬಲಗಡೆಯದ್ದು ಅಂದ್ರು."

"ಅವರಿಗೆ ಗೊತ್ತಿರಬೇಕ್ರಿ."

ಮುತ್ತಮ್ಮ ಬಲಗಡೆಯ ಡಬ್ಬಿಯನ್ನು ಎತ್ತಿ ಮಗಳ ಕೈಗೆ ಕೊಟ್ಟರು.

"ನೀಲಾ, ಈ ಪುಡಿ ಹಾಕಿ ಅಳಿಯಂದಿರಿಗೆ ಒಂದು ಲೋಟ ಕಾಫಿ ಮಾಡ್ಕೊಂಡು ಬಾ."