ಅಜ್ಜನ ಗಂಗಾಳ

ಹುಣಸೆಹಣ್ಣು ಹಚ್ಚಿ ತಿಕ್ಕಿದ ಕಂಚಿನ ವಾಸನೆ ಬಂದರೆ ಈಗಲೂ ಗಣಿಯೂರು ಕುಡಚಡೆಯ ಬಾಡಿಗೆ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಲಾರಿ ಮೆಕ್ಯಾನಿಕ್ ಆಗಿದ್ದ ಅಪ್ಪ ನನಗಾಗಿ ಪುಟ್ಟ ಉಗಿ ಎಂಜಿನ್ ಕಟ್ಟುತ್ತಿದ್ದ. ಬೇರಿಂಗಿಗೆ ಹಾಕಿದ ನೈಲಾನ್ ಬಿಸಿಗೆ ಮೆತ್ತಗಾಗಿತ್ತು. ಆಮೇಲೆ ಹಾಕಿದ ಹಿತ್ತಾಳೆ ಬೇಗ ಸವೆಯಿತು.

"ಕಂಚ ಬೇಕಾಗಿತ್ತು," ಅಂದ ಅಪ್ಪ.

ಅಜ್ಜಿ ಒಳಗಿನಿಂದ ಅಜ್ಜನ ಊಟದ ಗಂಗಾಳ ತಂದಳು. ಅದಿರಿನ ಲಾರಿ ಹತ್ತಿ ಹೋದ ಅಜ್ಜ ವರ್ಷಗಳಿಂದ ಮರಳಿರಲಿಲ್ಲ. ಆದರೂ ಅವಳು ದಿನಾ ಆ ಗಂಗಾಳವನ್ನು ತಿಕ್ಕಿ, ಊಟದ ಹೊತ್ತಿಗೆ ಅವನ ಜಾಗದಲ್ಲಿ ಇಡುತ್ತಿದ್ದಳು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

"ಇದನ್ನ ಕೊಯ್ದು ಕರಗಸು," ಅಂದಳು.

ಹಿತ್ತಾಳೆ ಉಜ್ಜುತ್ತಿದ್ದ ಅರ ಅಪ್ಪನ ಕೈಯಿಂದ ಜಾರಿ ಬಿತ್ತು. "ಯವ್ವಾ, ತಲಿ ಕೆಟ್ಟೇತೇನ ನಿಂದು? ಅಪ್ಪ ಬಂದರ ಎದರಾಗ ಉಣ್ಣಬೇಕು?"

"ಇಷ್ಟ ದಿನ ಎದರಾಗ ಉಂಡಾರೋ ಅದರಾಗ ಉಣ್ಣಲಿ. ಕೊಯ್ಯಿ, ಕೂಸು ಕಾಯಾಕತ್ತೇತಿ."

ಅಪ್ಪ ಗರಗಸ ಹಚ್ಚಿದ. ಕಂಚು ಕಿರುಚಿತು. ಆ ಸದ್ದಿಗೆ ಅಡುಗೆಮನೆಯಿಂದ ಓಡಿಬಂದ ಅವ್ವ ಅಜ್ಜಿಯ ಮುಖ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಆಗ ನಾನೂ ನೋಡಿದೆ.

ಬೆಳಿಗ್ಗೆ ಇದ್ದ ಕುಂಕುಮ ಅಜ್ಜಿಯ ಹಣೆಯ ಮೇಲೆ ಇರಲಿಲ್ಲ.