ಇಬುವಿನ ಅಂಗೈ

ಮಗಳಿಗೆ ಶೀತವೆಂದು ನೀಲಗಿರಿ ಎಣ್ಣೆಯ ಬಾಟಲಿ ತೆರೆದಾಗಲೆಲ್ಲ ನನಗೆ ಮೇಲಿನ ಮನೆಯ ಇಬುವಿನ ನೆನಪಾಗುತ್ತದೆ.

ಆಗ ನಾವು ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿದ್ದೆವು. ಶಾಲೆಯಲ್ಲಿ ನಾನು ಇಂಡೊನೇಷಿಯನ್ ಭಾಷೆ ತೆಗೆದುಕೊಂಡಿದ್ದೆ. ಆ ಭಾಷೆಯವರೊಬ್ಬರಿಗೆ ಐದು ಪ್ರಶ್ನೆ ಕೇಳಿ ಉತ್ತರ ಬರೆದು ತರಬೇಕೆಂದು ಹೋಮ್‌ವರ್ಕ್ ಕೊಟ್ಟಿದ್ದರು. ಮೇಲಿನ ಫ್ಲ್ಯಾಟಿನಲ್ಲಿ ಮನೆಗೆಲಸಕ್ಕಿದ್ದವರು ಇಂಡೊನೇಷಿಯಾದವರು.

“ಹೋಗಿ ಕೇಳು. ಅವರ ಕೆಲಸಕ್ಕೆ ಅಡ್ಡ ಬರ್ಬೇಡ, ಆಯ್ತಾ?” ಎಂದರು ಅಮ್ಮ.

ನಾನು ಮೇಲೆ ಹೋದಾಗ ಆ ಮನೆಗೆಲಸದವರು ಇಸ್ತ್ರಿ ಹಾಕುತ್ತಿದ್ದರು. ನೋವಿಗೆಂದು ಕೈಗೆಲ್ಲ ನೀಲಗಿರಿ ಎಣ್ಣೆ ಉಜ್ಜಿಕೊಂಡಿದ್ದರು. ಟೀಚರ್ ಕಲಿಸಿದಂತೆ ‘ಇಬು’, ಅಂದರೆ ‘ಅಮ್ಮ’, ಎಂದು ಕರೆದೆ. ಅವರು ಇಸ್ತ್ರಿಪೆಟ್ಟಿಗೆ ಬದಿಗಿಟ್ಟರು. ಹೆಸರು, ಊರು ಹೇಳಿದರು. ಒಬ್ಬಳೇ ಮಗಳು, ಒಂಬತ್ತು ವರ್ಷ ಎಂದರು.

ಕೊನೆಯ ಪ್ರಶ್ನೆ, ಮಗಳು ಎಷ್ಟು ಎತ್ತರ? ಇಬು ತಟ್ಟನೆ ಅಂಗೈಯನ್ನು ತಮ್ಮ ಮೊಣಕಾಲಿನ ಪಕ್ಕ ಹಿಡಿದರು.

ನಾನು ನಕ್ಕುಬಿಟ್ಟೆ. “ನನಗೂ ಒಂಬತ್ತೇ!” ಎಂದೆ, ಬರುವಷ್ಟು ಇಂಡೊನೇಷಿಯನ್‌ನಲ್ಲಿ.

“ಫೋನಿನಲ್ಲಿ ಮುಖ ಮಾತ್ರ ಕಾಣುತ್ತದೆ,” ಎಂದರು ಅವರು.

ಆಮೇಲೆ ನನ್ನನ್ನು ಹತ್ತಿರ ನಿಲ್ಲಿಸಿಕೊಂಡು, ಆ ಅಂಗೈಯನ್ನು ಮೊಣಕಾಲಿನಿಂದ ನಿಧಾನವಾಗಿ ಎತ್ತುತ್ತ ಎತ್ತುತ್ತ ನನ್ನ ನೆತ್ತಿಯ ಮೇಲೆ ತಂದಿಟ್ಟರು. ಬಹಳ ಹೊತ್ತು ತೆಗೆಯಲೇ ಇಲ್ಲ.