ಒಂದೇ ಪ್ರಶ್ನೆಯ ಪರೀಕ್ಷೆ

ಷಡಾಕ್ಷರಿ ಮೇಷ್ಟ್ರು ನಿವೃತ್ತರಾದರೂ ಪರೀಕ್ಷೆ ಇಡುವ ಚಟ ಬಿಟ್ಟಿರಲಿಲ್ಲ. ನಡುಮನೆಯ ಫ್ಯಾನು ನಿಂತು ಎಂಟು ದಿನವಾಗಿತ್ತು. ಮೂವರು ಎಲೆಕ್ಟ್ರಿಷಿಯನ್ನರು ಬಂದು ಹೋಗಿದ್ದರು. ಮೂವರಿಗೂ ಮೇಷ್ಟ್ರು ಹೇಳಿದ್ದು ಒಂದೇ ಮಾತು: "ಮೇನ್ ಆಫ್ ಮಾಡಿದ್ದೀನಿ, ಬೋರ್ಡ್ ಬಿಚ್ಚಿ." ನಿಜಕ್ಕೂ ಆಫ್ ಮಾಡಿರಲಿಲ್ಲ. ಟೆಸ್ಟರ್ ಇಟ್ಟು ನೋಡದೆ ತಂತಿಗೆ ಕೈ ಹಾಕಲು ಹೋದ ಮೂವರನ್ನೂ ತಡೆದು, "ಫೇಲ್! ಹೊರಡಿ" ಎಂದು ಕಳಿಸಿದ್ದರು.

"ಇವತ್ತು ಬರೋರನ್ನೂ ಓಡಿಸಿದ್ರೆ ನಾನು ತವರಿಗೆ ಹೊರಟೆ. ಅಲ್ಲಿ ಫ್ಯಾನಾದ್ರೂ ತಿರುಗುತ್ತೆ" ಎಂದರು ಹೆಂಡತಿ, ಪಂಚಾಂಗದಿಂದ ಗಾಳಿ ಬೀಸಿಕೊಳ್ಳುತ್ತ.

ನಾಲ್ಕನೆಯದಾಗಿ ಬಂದವಳು ಕೇಳುವ ಮೊದಲೇ ಲೈಸೆನ್ಸ್ ತೋರಿಸಿ, ಬೋರ್ಡಿನ ಮುಂದೆ ನಿಂತಳು.

"ಮೇನ್ ಆಫ್ ಮಾಡಿದ್ದೀರಾ ಸಾರ್?"

"ಮಾಡಿದ್ದೀನಮ್ಮ."

"ಖಂಡಿತಾ?"

"ನನ್ನ ಕೈಯಾರೆ ಮಾಡಿದ್ದೀನಿ."

ಅವಳು ಸ್ಕ್ರೂ ಬಿಚ್ಚಿ ಟೆಸ್ಟರ್ ಮುಟ್ಟಿಸಿದಳು. ಕೆಂಪು ದೀಪ ಹತ್ತಿತು.

ಮೇಷ್ಟ್ರು ಚಪ್ಪಾಳೆ ತಟ್ಟಿದರು. "ಭೇಷ್! ನೀನೊಬ್ಬಳೇ ಪಾಸು. ಈಗ ನಿಜವಾಗ್ಲೂ ಆಫ್ ಮಾಡ್ತೀನಿ, ಕೆಲಸ ಶುರು ಮಾಡು."

ಅವಳು ಬಿಚ್ಚಿದ ಸ್ಕ್ರೂಗಳನ್ನು ಮತ್ತೆ ಬಿಗಿದು, ಚೀಲವನ್ನು ಹೆಗಲಿಗೇರಿಸಿಕೊಂಡಳು.

"ಯಾಕಮ್ಮ, ಹೊರಟುಬಿಟ್ಟೆ?"

"ಹೊಸ ಮನೆಗೆ ಹೋದ್ರೆ ನಾನೂ ಮೊದಲು ಒಂದು ಪರೀಕ್ಷೆ ಇಡ್ತೀನಿ ಸಾರ್. ಒಂದೇ ಪ್ರಶ್ನೆ. ನಿಮ್ಮನ್ನ ಎರಡು ಸಲ ಕೇಳಿದೆ. ನೀವು ಫೇಲ್."

ಅಷ್ಟರಲ್ಲಿ ಹೆಂಡತಿ ಸೂಟ್‌ಕೇಸ್ ಹಿಡಿದು ಕೋಣೆಯಿಂದ ಹೊರಬಂದರು.

"ಬಸ್‌ಸ್ಟ್ಯಾಂಡ್ ಕಡೆ ಹೋಗೋದಾದ್ರೆ ಸ್ವಲ್ಪ ನಿಲ್ಲಮ್ಮ, ನಾನೂ ಬರ್ತೀನಿ."